ಬೆನ್ನು ನೆಲಕ್ಕೆ ಹತ್ತಬಾರದು

ಲಕ್ವಾ ಹೊಡೆಯುವ ತನಕ ನನ್ನ ಗಂಡ ಅಂಗಾತ ಮಲಗಿದ್ದನ್ನು ನಾನು ನೋಡಿರಲಿಲ್ಲ. ಬೇಸಿಗೆಯ ಸೆಕೆಗೆ ಓಣಿಯವರೆಲ್ಲ ಅಂಗಳದಲ್ಲಿ ಕೈಕಾಲು ಚೆಲ್ಲಿ ಆಕಾಶ ನೋಡುತ್ತ ಬಿದ್ದುಕೊಂಡಿದ್ದರೂ ಅವರು ಮಾತ್ರ ಗೋಡೆಗೆ ಮುಖ ಮಾಡಿ ಮಗ್ಗುಲಾಗಿಯೇ ಮಲಗುತ್ತಿದ್ದರು. ಪೈಲ್ವಾನರು. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿದರೆ ಸೋತಂತೆ. ಆ ನೇಮವನ್ನು ಅವರು ಕಣದಿಂದ ಹೊತ್ತುಕೊಂಡು ಬಂದು ಹಾಸಿಗೆಯಲ್ಲೂ ಇಟ್ಟುಕೊಂಡಿದ್ದರು. ಮದುವೆಯಾದ ಹೊಸತರಲ್ಲಿ, ಯಾಕೆ ಹೀಗೆ ಮಲಗುತ್ತೀರಿ ಅಂತ ಕೇಳಿದ್ದೆ.

"ಬೆನ್ನ ಹಚ್ಚಿ ಮಲಗೋರು ಹೆಂಗಸರು, ಇಲ್ಲಾ ಸೋತವರು," ಅಂದಿದ್ದರು.

ನಾನು ಬೆನ್ನು ಹಚ್ಚಿಯೇ ಮಲಗಿದೆ. ನಸುಕಿನಿಂದ ಬಗ್ಗಿದ ಬೆನ್ನು, ನೆಲಕ್ಕಲ್ಲದೆ ಇನ್ನೆಲ್ಲಿಗೆ ಹಚ್ಚಲಿ?

ಬ್ಯಾಡಗಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಗರಡಿಮನೆ. ಹೆಂಗಸರು ಅದರೊಳಗೆ ಕಾಲಿಡುವಂತಿಲ್ಲ. ಕಣದ ಕೆಮ್ಮಣ್ಣು ಹದ ಮಾಡಲು ಬೇಕಾದ ಮಜ್ಜಿಗೆ, ಎಣ್ಣೆ, ಅರಿಷಿಣ ನಮ್ಮ ಮನೆಯಿಂದ ಹೋಗುತ್ತಿತ್ತು. ಮಜ್ಜಿಗೆ ಕಡೆದವಳು ನಾನು, ಕೊಡ ಹೊತ್ತವಳು ನಾನು. ಹೊಸ್ತಿಲ ಹೊರಗೆ ಇಳಿಸಿ, ಬಾಗಿಲಿಗೆ ಬೆನ್ನು ಮಾಡಿ ನಿಲ್ಲಬೇಕು. ಒಳಗಿನಿಂದ ಒಂದು ಕೈ ಬಂದು ಕೊಡ ಎಳೆದುಕೊಳ್ಳುತ್ತಿತ್ತು. ಖಾಲಿ ಕೊಡ ಹೊರಗೆ ಬರುವ ತನಕ ಒಳಗಿನ ಸದ್ದು ಕೇಳುತ್ತ ನಿಂತಿರುತ್ತಿದ್ದೆ. ದಂಡ ಹೊಡೆಯುವವರ ಉಸಿರು, ಹಗ್ಗ ಜಗ್ಗಿದಾಗ ತೊಲೆ ಕಿರುಗುಟ್ಟುವುದು, ಮಣ್ಣಿನ ಮೇಲೆ ಮೈ ಬೀಳುವುದು. ಅಷ್ಟು ವರ್ಷ ಕೇಳಿದರೆ ಯಾರು ಏನು ಮಾಡುತ್ತಿದ್ದಾರೆ ಅಂತ ನೋಡದೆಯೇ ತಿಳಿಯುತ್ತದೆ.

ಹೊಸಬರಿಗೆ ಅಲ್ಲಿ ಮೊದಲೇ ಪಟ್ಟು ಕಲಿಸುವುದಿಲ್ಲ. ಬೀಳುವುದು, ಉರುಳುವುದು, ನಾಲ್ಕು ಕಾಲಿನ ಮೇಲೆ ಓಡುವುದು, ಹಗ್ಗ ಹತ್ತುವುದು, ಜೊತೆಗಾರನನ್ನು ಹೆಗಲ ಮೇಲೆ ಹೊತ್ತು ಕಣ ಸುತ್ತುವುದು. ಇದಕ್ಕೆಲ್ಲ ಸಾಮು ಅನ್ನುತ್ತಾರೆ. ನಾನು ಕುಪ್ಪೇಲೂರಿನಲ್ಲಿ ಹುಡುಗಿಯಾಗಿದ್ದಾಗ ಇದನ್ನೆಲ್ಲ ಮಾಡಿದವಳೇ. ಹುಣಸೆ ಮರ ಹತ್ತಿ ಕೊಂಬೆಗೆ ಜೋತುಬಿದ್ದೆ, ಹೊಲದ ಒಡ್ಡಿನಿಂದ ಒಡ್ಡಿಗೆ ಹಾರಿದೆ, ಹಳ್ಳದಾಚೆ ಈದ ಆಕಳಿನ ಕರುವನ್ನು ಹೆಗಲ ಮೇಲೆ ಹಾಕಿಕೊಂಡು ತಂದೆ. ಅದಕ್ಕೆ ಯಾರೂ ಸಾಮು ಅನ್ನಲಿಲ್ಲ. ಗಂಡುಬೀರಿ ಅಂದರು. ದೊಡ್ಡವಳಾದ ದಿನ ಮರದಿಂದ ಇಳಿಸಿ ಮೂಲೆಯಲ್ಲಿ ಕೂಡಿಸಿದರು. ಶಾಲೆಯೂ ಅಲ್ಲಿಗೇ ಮುಗಿಯಿತು. ಆಮೇಲೆ ನನ್ನ ಮೈ ಕಲಿತದ್ದೆಲ್ಲ ಒಂದೇ ತರಹದ್ದು. ಬಗ್ಗುವುದು, ಕುಕ್ಕರುಗಾಲಿನಲ್ಲಿ ಕೂಡುವುದು, ಹೊರುವುದು, ಮತ್ತೆ ಬಗ್ಗುವುದು.

ಅವರ ಮೈಗೆ ಹಾಲು, ತುಪ್ಪ, ನೆನೆಸಿ ಅರೆದ ಬಾದಾಮಿ. ಖುರಾಕು ಅನ್ನುತ್ತಿದ್ದರು. ಅರೆದವಳ ಬೆರಳಿಗೆ ಹತ್ತಿದ್ದನ್ನು ನೆಕ್ಕಿದರೆ ಅತ್ತೆ ನೋಡುತ್ತಿದ್ದಳು. ಕುಸ್ತಿ ಬಿಟ್ಟ ಮೇಲೆ ಅವರು ಗರಡಿಯ ಉಸ್ತಾದರಾದರು. ಊರಲ್ಲಿ ಮರ್ಯಾದೆ ಇತ್ತು. ಮರ್ಯಾದೆಯನ್ನು ಒಲೆಯ ಮೇಲಿಟ್ಟು ಬೇಯಿಸಲು ಬರುವುದಿಲ್ಲ. ಅದಕ್ಕೆ ನಾನು ಮೆಣಸಿನಕಾಯಿಯ ಕೆಲಸಕ್ಕೆ ಹೋದೆ.

ಮಾರುಕಟ್ಟೆಯ ಹತ್ತಿರ ಒಂದು ತಗಡಿನ ಶೆಡ್ಡು. ಹೆಂಗಸರು ಸಾಲಾಗಿ ನೆಲದ ಮೇಲೆ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಕೈ ಉರಿಯುತ್ತದೆ, ಮೂಗು ಸೋರುತ್ತದೆ, ಮರೆತು ಕಣ್ಣಿಗೆ ಕೈ ಹಚ್ಚಿದರೆ ಅವತ್ತಿನ ಕತೆ ಮುಗಿಯಿತು. ಸುಖದ ಕೆಲಸ ಅಂತ ಯಾರೂ ತಿಳಿಯಬಾರದು. ಆದರೆ ಅಲ್ಲಿ ಕಂಬಕ್ಕೆ ಆತುಕೊಂಡ ಒಂದು ಜಾಗ ನನ್ನದು. ನಾನು ಬರದ ದಿನವೂ ಅಲ್ಲಿ ಯಾರೂ ಕೂಡುವುದಿಲ್ಲ. ಕೂತರೆ, ನೀರು ತಾ, ಎಣ್ಣೆ ತಿಕ್ಕು ಅನ್ನುವವರಿಲ್ಲ. ಮನೆಯೊಳಗೆ ನನ್ನದು ಅನ್ನುವಂಥ ಜಾಗ ಅಷ್ಟು ಕೂಡ ಇರಲಿಲ್ಲ.

ನನ್ನ ಪಕ್ಕಕ್ಕೆ ಕೂಡುವವಳು ನನಗಿಂತ ಸ್ವಲ್ಪ ಸಣ್ಣವಳು, ಮಸೀದಿಯ ಓಣಿಯವಳು. ಅವಳ ಕೈಗಿಂತ ಬಾಯಿ ಜೋರು.

"ಅಕ್ಕಾ, ನಿಮ್ಮ ಪೈಲ್ವಾನ್ರು ಇವತ್ತ ಎಷ್ಟ ದಂಡಾ ಹೊಡದ್ರವಾ?"

"ಅವರು ಹೊಡೀತಾರ, ನಾ ಕಟ್ಟತೇನಿ," ಅನ್ನುತ್ತಿದ್ದೆ. ಸಾಲೆಲ್ಲ ನಗುತ್ತಿತ್ತು. ನಕ್ಕರೆ ಮೆಣಸಿನ ಘಾಟು ಗಂಟಲಿಗೆ ಹೋಗಿ ಎಲ್ಲರೂ ಕೆಮ್ಮುತ್ತಿದ್ದರು.

ಒಂದು ಬೆಳಗ್ಗೆ ಅವರು ಗರಡಿಯಿಂದ ಬಂದು ಕೈ ತೊಳೆಯಲು ಬಗ್ಗಿದವರು ಹಾಗೆಯೇ ಎಡಕ್ಕೆ ವಾಲಿದರು. ನಾನು ತಂಬಿಗೆ ಬಿಟ್ಟು ಹಿಡಿದುಕೊಂಡೆ. ಹಾವೇರಿಯ ದವಾಖಾನೆಗೆ ಒಯ್ದೆವು. ಜೀವ ಉಳಿಯಿತು, ಎಡಗೈ ಎಡಗಾಲು ಸತ್ತವು. ಬಾಯಿ ಸೊಟ್ಟಗಾಗಿದ್ದು ಲಗೂ ಸರಿಹೋಯಿತು. ಮಾತು ಹೋಗಲಿಲ್ಲ. ಹೋಗಿದ್ದರೆ ಮನೆ ಒಂದಿಷ್ಟು ತಣ್ಣಗಿರುತ್ತಿತ್ತು.

ದವಾಖಾನೆಯಿಂದ ಮಗ ನಮ್ಮನ್ನು ರಾಣೆಬೆನ್ನೂರಿನ ತನ್ನ ಮನೆಗೆ ಕರೆದುಕೊಂಡು ಹೋದ. ಅವನದು ಬೀಜದ ಗೋಡೌನಿನಲ್ಲಿ ಕೆಲಸ, ಸೊಸೆ ಶಾಲೆಯ ಟೀಚರು. ಇಬ್ಬರೂ ಒಳ್ಳೆಯವರೇ. ಆದರೆ ಹಗಲೆಲ್ಲ ಹೊರಗೆ. ಮನೆಯೊಳಗೆ ನನ್ನ ಗಂಡ ಮತ್ತು ನಾನು. ಎಬ್ಬಿಸುವುದು, ಕೂಡಿಸುವುದು, ಬಚ್ಚಲಿಗೆ ಒಯ್ಯುವುದು, ತೊಳೆಯುವುದು. ಬಾದಾಮಿ ತಿಂದ ಮೈ, ಲಕ್ವಾ ಹೊಡೆದರೂ ಭಾರ ಇಳಿದಿರಲಿಲ್ಲ. ಕಂಕುಳಿಗೆ ಕೈ ಹಾಕಿ ಎತ್ತುವಾಗ ನನ್ನ ಬಲಸೊಂಟದಲ್ಲಿ ಏನೋ ಜಗ್ಗಿದಂತಾಗುತ್ತಿತ್ತು.

ಸುಗ್ಗಿ ಹತ್ತಿರ ಬರುತ್ತಿತ್ತು. ಬ್ಯಾಡಗಿಯಲ್ಲಿ ಶೆಡ್ಡು ತುಂಬುವ ಕಾಲ. ನಾನು ಮಗನಿಗೆ ಹೇಳಿದೆ.

"ನಾ ಊರಿಗೆ ಹೋಗ್ತೇನಿ."

"ಅಪ್ಪನ್ನ ಯಾರು ನೋಡ್ಕೋಬೇಕವಾ?"

"ಅವರನ್ನೂ ಕರಕೊಂಡ ಹೋಗ್ತೇನಿ. ಅಲ್ಲಿ ನಮ್ಮನಿ ಇಲ್ಲೇನು?"

"ನೀ ಶೆಡ್ಡಿಗೆ ಹೋದ್ರ ಅಪ್ಪ ಬಚ್ಚಲಕ್ಕ ಹೆಂಗ ಹೋಗ್ತಾನ? ಅಪ್ಪ ತಾನ ಎದ್ದು ತಾನ ಅಡ್ಡಾಡೂವಂಗ ಆಗ್ಲಿ. ಅವತ್ತ ನಾನ ಬಸ್ಸಿಗೆ ಕುಂದರಸ್ತೇನಿ. ಅಲ್ಲೀತನಾ ಬ್ಯಾಡ."

ತಪ್ಪು ಮಾತೇನೂ ಆಡಲಿಲ್ಲ ಅವನು. ಆದರೆ ಅವತ್ತಿಗೆ ನನ್ನ ಹಣೆಬರಹ ಅವರ ಎಡಗಾಲಿನಲ್ಲಿ ಸಿಕ್ಕಿಕೊಂಡಿತು. ಆ ಕಾಲು ಎದ್ದರೆ ನನ್ನ ಜಾಗಕ್ಕೆ ನಾನು ಹೋಗುತ್ತೇನೆ. ಇಲ್ಲವಾದರೆ ಇಲ್ಲೇ ಇವರನ್ನು ಎತ್ತುತ್ತ ಇಳಿಸುತ್ತ ಸಾಯುತ್ತೇನೆ.

ಮಗ ಒಬ್ಬ ಹುಡುಗಿಯನ್ನು ಗೊತ್ತು ಮಾಡಿದ. ಲಕ್ವಾ ಹೊಡೆದವರಿಗೆ ವ್ಯಾಯಾಮ ಮಾಡಿಸುವುದನ್ನು ಕಲಿತವಳು. ಸ್ಕೂಟಿಯ ಮೇಲೆ ಬರುತ್ತಿದ್ದಳು, ಚಾಪೆ ಸುತ್ತಿ ಕಾಲ ಹತ್ತಿರ ಇಟ್ಟುಕೊಂಡು. ತೆಳ್ಳಗಿದ್ದಳು, ಆದರೆ ಕೈಯಲ್ಲಿ ಹಿಡಿತ ಇತ್ತು. ಮೊದಲ ದಿನ ಅವರ ಕೈಕಾಲು ಮಡಿಸಿ ಚಾಚಿ ನೋಡಿ, ಚಾಪೆ ಹಾಸಿದಳು.

"ಅಜ್ಜಾರ, ಕೂಸು ಹೆಂಗ ಕಲೀತೈತ್ರಿ? ಮೊದಲ ಹೊರಳತೈತಿ, ಆಮ್ಯಾಲ ಹೊಟ್ಟಿ ಮ್ಯಾಲ ಹರೀತೈತಿ, ಆಮ್ಯಾಲ ಅಂಬೆಗಾಲು, ಆಮ್ಯಾಲ ಎದ್ದ ನಿಂದರತೈತಿ. ನಿಮ್ಮ ಮೈ ಅದನ್ನ ಮರತೈತಿ. ಅದಕ್ಕ ಮತ್ತ ಅದ ದಾರೀಲೆ ಕರಕೊಂಡ ಹೋಗೂಣು. ಇಲ್ಲಿ ಅಂಗಾತ ಮಲಕೋರಿ."

"ಆಗಾಂಗಿಲ್ಲ."

"ಯಾಕ್ರಿ? ನೋವ ಐತೇನ್ರಿ?"

"ನೋವಲ್ಲ. ಪೈಲ್ವಾನನ ಬೆನ್ನ ನೆಲಕ್ಕ ಹತ್ತಬಾರದು."

ಹುಡುಗಿ ನನ್ನ ಮುಖ ನೋಡಿದಳು.

"ದವಾಖಾನ್ಯಾಗ ಮಲಗಿದ್ರಲ್ರಿ ಅಜ್ಜಾರ?"

"ಅದು ಗಾದಿ. ನೆಲಾ ಅಲ್ಲ. ಮತ್ತ ಆವಾಗ ನನಗ ಎಚ್ಚರ ಇದ್ದಿಲ್ಲ."

"ಇಲ್ಲೇನ ಯಾರರ ಕುಸ್ತಿ ಹಿಡಿಯಾಕ ಬಂದಾರೇನ್ರಿ?"

"ನೀ ಸಣ್ಣಾಕಿ. ನಿನಗ ತಿಳಿಯಾಂಗಿಲ್ಲ."

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗದಿರುವುದೂ ಅವಳ ವಿದ್ಯೆಯಲ್ಲಿ ಸೇರಿತ್ತೇನೋ. ಚಾಪೆಯ ತುದಿಯಲ್ಲಿ ಕೂತು ಸಮಾಧಾನವಾಗಿ ಹೇಳಿದಳು. ಬೀಳುವವರು ಹೆಚ್ಚಾಗಿ ಅಂಗಾತವೇ ಬೀಳುತ್ತಾರೆ, ಅಲ್ಲಿಂದ ಹೊರಳುವುದು ಬಂದರೆ ಯಾರ ಹಂಗೂ ಬೇಡ, ಬರದಿದ್ದರೆ ಆಮೆ ಮಗುಚಿದಂತೆ ಬಿದ್ದಿರಬೇಕಾಗುತ್ತದೆ ಅಂದಳು. ಅವರು ಗೋಡೆಗೆ ಮುಖ ತಿರುಗಿಸಿದರು. ಅಷ್ಟು ತಿರುಗಲು ಬರುತ್ತಿತ್ತು.

ವಾರಗಟ್ಟಲೆ ಇದೇ ಹಾಡು. ಕೈ ಎತ್ತಿಸಿಕೊಳ್ಳುತ್ತಿದ್ದರು, ಕಾಲು ಮಡಿಸಲು ಬಿಡುತ್ತಿದ್ದರು, ಕುರ್ಚಿ ಹಿಡಿದು ನಿಲ್ಲುತ್ತಿದ್ದರು. ನೆಲಕ್ಕೆ ಬೆನ್ನು ಮಾತ್ರ ಇಲ್ಲ. ಕೊನೆಗೆ ನಾನೇ ಹುಡುಗಿಗೆ ಹೇಳಿದೆ, ಕುಸ್ತಿಯಲ್ಲಿ ಕೆಳಗೆ ಬಿದ್ದವನು ಹೊಟ್ಟೆ ನೆಲಕ್ಕೆ ಹಚ್ಚಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನಂತೆ, ಅದಕ್ಕೆ ಇವರಲ್ಲಿ ನಾಚಿಕೆ ಇಲ್ಲ ಅಂತ. ಅವಳಿಗೆ ನಗು ಬಂತು.

"ಆತ್ರಿ ಅಮ್ಮಾರ. ಹೊಟ್ಟಿಯಿಂದ ಶುರು ಮಾಡೂಣು. ಬೆನ್ನಿಂದು ಆಮ್ಯಾಲ ನೋಡಿದ್ರಾತು."

ಬೋರಲು ಮಲಗಿದರು. ಮೊಣಕೈ ಊರಿದರು. ಅವಳು ಎಡ ಮೊಣಕಾಲನ್ನು ಒಳಗೆ ತಳ್ಳಿಕೊಟ್ಟಳು. ಪೃಷ್ಠ ಎದ್ದಿತು, ಮತ್ತೆ ಕುಸಿಯಿತು. ದಿನಾ ಹಾಗೆಯೇ. ನಾಲ್ಕು ಕಾಲಿನ ಮೇಲೆ ನಿಂತ ದಿನ ಮಗ ಫೋನಿನಲ್ಲಿ ಫೋಟೊ ತೆಗೆಯಲು ಹೋದರೆ ಬೈದು ಓಡಿಸಿದರು. ಆಮೇಲೆ ಮೊಣಕಾಲ ಮೇಲೆ ನಿಂತರು. ಆಮೇಲೆ ಬಲಪಾದ ಮುಂದಕ್ಕೆ ಊರಿ, ಕುರ್ಚಿಯ ಕಾಲು ಹಿಡಿದು ಎದ್ದರು. ಹುಡುಗಿಯ ಮೂಗಿನ ತುದಿಯಲ್ಲಿ ಬೆವರಿತ್ತು.

ಅವಳು ಹೊರಟ ಮೇಲೆ ಉಳಿದ ಹೊತ್ತೆಲ್ಲ ಅವರು ಒಂದೂ ಮಾಡುತ್ತಿರಲಿಲ್ಲ. "ಎಬ್ಬಸು" ಅನ್ನುತ್ತಿದ್ದರು. ನಾನು ಎಬ್ಬಿಸುತ್ತಿದ್ದೆ. ಒಂದು ದಿನ ಎಬ್ಬಿಸುವಾಗ ಹುಡುಗಿ ಒಳಗೆ ಬಂದು ನೋಡಿಬಿಟ್ಟಳು.

"ಅಮ್ಮಾರ, ನೀವು ಎತ್ತಬ್ಯಾಡ್ರಿ. ನಿಮ್ಮ ಸೊಂಟ ಹೋಗತೈತಿ. ನೀವೂ ಚಾಪಿ ಮ್ಯಾಲ ಬರ್ರಿ, ಅಜ್ಜಾರ ಜೋಡಿ ನಿಮಗೂ ಒಂದಿಷ್ಟ ಹೇಳಿಕೊಡ್ತೇನಿ."

ನಾನು ಸೆರಗು ಸಿಕ್ಕಿಸಿಕೊಂಡೆ. ಖರೇ ಹೇಳಬೇಕೆಂದರೆ ನನಗೆ ಆಸೆಯಾಗಿತ್ತು. ಅವರು ಕುರ್ಚಿಯಲ್ಲಿ ಕೂತಲ್ಲಿಂದಲೇ ನಕ್ಕರು.

"ಅಕಿಗ್ಯಾಕ ಸಾಮು? ಮನಿಕೆಲಸ ಮಾಡತಾಳಲ್ಲ, ಅದ ಆತು. ಏ, ಬಿಸಿನೀರ ಇಡು."

ರಜೆಯಿದ್ದ ಮಗನೂ ಅಲ್ಲಿದ್ದ. ಅವನೂ ನಕ್ಕ. ಹುಡುಗಿಯೊಬ್ಬಳೇ ನಗಲಿಲ್ಲ. ನಾನು ಸೆರಗು ಬಿಚ್ಚಿ ಬಿಸಿನೀರು ಇಡಲು ಹೋದೆ.

ಅದಾದ ಮೇಲೆ ಒಂದು ಮಧ್ಯಾಹ್ನ. ಮಗ ಗೋಡೌನಿಗೆ, ಸೊಸೆ ಶಾಲೆಗೆ. ಹುಡುಗಿ ಬರುವ ದಿನವಲ್ಲ. ನಾನು ರೊಟ್ಟಿ ಬಡಿಯುತ್ತಿದ್ದೆ. ಅವರು ಗೋಡೆ ಹಿಡಿದು ನಿಧಾನಕ್ಕೆ ಬಚ್ಚಲಿನ ಕಡೆ ಹೊರಟದ್ದು ಕಂಡಿತ್ತು. ತುಸು ಹೊತ್ತಿಗೆ ಬಕೆಟ್ ಉರುಳಿದ ಸದ್ದು, ಅದರ ಹಿಂದೆಯೇ ನನಗೆ ಚೆನ್ನಾಗಿ ಗೊತ್ತಿದ್ದ ಇನ್ನೊಂದು ಸದ್ದು. ಗರಡಿಯ ಹೊಸ್ತಿಲಲ್ಲಿ ನಿಂತು ಅಷ್ಟು ವರ್ಷ ಕೇಳಿದ್ದೆನಲ್ಲ.

ಹೋಗಿ ನೋಡಿದರೆ ಅಂಗಾತ ಬಿದ್ದಿದ್ದರು. ಬೆನ್ನು ಪೂರ್ತಿ ನೆಲಕ್ಕೆ. ಲುಂಗಿ ತೊಯ್ದಿತ್ತು. ಕಣ್ಣು ಮುಚ್ಚಿದ್ದರು.

"ಪೆಟ್ಟಾತೇನ್ರಿ?"

"ಇಲ್ಲ."

"ತಲಿಗೆ?"

"ಇಲ್ಲಂದ್ನಲ್ಲ. ಬಾಗಲಾ ಹಾಕು."

"ಯಾವ ಬಾಗಲಾ?"

"ಹೊರಗಿನ ಬಾಗಲಾ. ಯಾರರ ನೋಡ್ಯಾರು."

ಹಾಕಿ ಬಂದೆ. ಕಂಕುಳಿಗೆ ಕೈ ಹಾಕಿ ಎತ್ತಲು ಹೋದೆ. ಬಲಸೊಂಟದಲ್ಲಿ ಚಳಕ್ ಅಂತು, ಕಣ್ಣಿಗೆ ಕತ್ತಲು ಬಂತು. ಬಿಟ್ಟುಬಿಟ್ಟೆ. ಗೋಡೆ ಹಿಡಿದು ನಿಂತುಕೊಂಡೆ.

"ಎತ್ತು."

"ನನ್ನ ಕೈಲೆ ಆಗೂದಿಲ್ಲ. ಹೊರಳ್ರಿ."

"ಏನು?"

"ಹೊರಳ್ರಿ. ಬಲಗಡೆ ಹೊರಳಿ ಬೋರಲಾದ್ರ ಮುಂದಿಂದು ನಿಮಗ ಬರತೈತಿ. ದಿನಾ ಮಾಡೀರಿ."

"ಅಂಗಾತ ಬಿದ್ದು ಹೊರಳಾಡ್ಲೇನು, ನಿನ್ನ ಮುಂದ?"

"ಬೆನ್ನ ಹತ್ತೇ ಬಿಟ್ಟೈತಲ್ರಿ. ಇನ್ನೇನ ಉಳಿಸಿಕೊಳ್ಳೂದೈತಿ? ಸೋತಾತು. ಹೊರಳ್ರಿ."

ಅವರು ಕಣ್ಣು ಬಿಟ್ಟು ಸೂರು ನೋಡಿದರು. ಬಕೆಟ್ಟಿನ ನೀರು ಇನ್ನೂ ಹರಿಯುತ್ತಿತ್ತು.

"ಮಗಗ ಫೋನ್ ಮಾಡು."

"ಮಾಡಾಂಗಿಲ್ಲ. ಈಗ ಹೊರಳ್ತೀರೋ, ಬಾಗಲಾ ತಗದು ಓಣಿ ಮಂದೀನ ಕರೀಲೋ? ಬ್ಯಾಡಗಿ ಪೈಲ್ವಾನ್ರು ಚಿತ್ ಆಗ್ಯಾರ, ಬರ್ರಿ ನೋಡಾಕ ಅಂತೇನಿ."

ಬೈದರು. ಇಲ್ಲಿ ಬರೆಯಲು ಬಾರದಂಥ ಮಾತು. ಅವ್ವನನ್ನೂ ಬಿಡಲಿಲ್ಲ, ಕುಪ್ಪೇಲೂರನ್ನೂ ಬಿಡಲಿಲ್ಲ. "ಎದ್ದೆ ಅಂದ್ರ ನಿನ್ನ..." ಅಂದರು.

"ಏಳ್ರಿ ಮತ್ತ. ಎದ್ದ ಬಂದ ಹೊಡೀರಿ," ಅಂತ ಹೇಳಿ ನಾನು ಹೊರಬಾಗಿಲಿನ ಕಡೆ ಹೋದೆ. ಚಿಲಕದ ಸದ್ದು ಅವರಿಗೆ ಕೇಳುವಂತೆ ಮಾಡಿ, ಅಲ್ಲಿಂದಲೇ ಬಚ್ಚಲಿನ ಕಡೆ ನೋಡಿದೆ.

ಆಗ ಹೊರಳಿದರು. ಮೊದಲು ತಲೆ ತಿರುಗಿತು, ಆಮೇಲೆ ಬಲಗೈ ನಲ್ಲಿಯ ಕೊಳವೆಗೆ ಹೋಯಿತು, ಎಡಗಾಲು ಎಳೆದುಕೊಂಡು ಬಂತು. ಒಮ್ಮೆಲೇ ಮೈಯೆಲ್ಲ ಬೋರಲಾಯಿತು. ಮುಖ ನೀರಿಗೆ ಹತ್ತಿತು. ಉಸಿರುಬಿಟ್ಟು ಮೊಣಕೈ ಊರಿದರು. ಮೊಣಕಾಲು. ಮತ್ತೊಂದು ಮೊಣಕಾಲು. ಬಲಪಾದ ಜಾರಿತು, ಮತ್ತೆ ಊರಿದರು. ನೀರಿನ ಡ್ರಮ್ಮಿನ ಕಂಠ ಹಿಡಿದು ಎದ್ದು ನಿಂತರು. ಗಡಗಡ ನಡುಗುತ್ತಿದ್ದರು.

ನನಗೆ ಅಯ್ಯೋ ಅನ್ನಿಸಲಿಲ್ಲ. ಬ್ಯಾಡಗಿಯ ಬಸ್ಸು ಕಣ್ಣ ಮುಂದೆ ಬಂತು. ಟವೆಲು ಕೊಟ್ಟೆ, ಒಣ ಲುಂಗಿ ಕೊಟ್ಟೆ.

"ಯಾರಿಗೂ ಹೇಳಬ್ಯಾಡ," ಅಂದರು.

"ನಾ ಯಾಕ ಹೇಳ್ಲಿ," ಅಂದೆ.

ನಾನು ಹೇಳಬೇಕಾಗಿಯೇ ಬರಲಿಲ್ಲ. ಸಂಜೆ ಮಗ ಚಪ್ಪಲಿ ಬಿಡುವುದರೊಳಗೆ ಅವರೇ ಶುರು ಮಾಡಿದರು.

"ಇವತ್ತ ಬಚ್ಚಲದಾಗ ಕಾಲ ಜಾರ್ತು. ಬೀಳೂದ್ರಾಗ ಮಗ್ಗಲಾದ್ನಿ ನೋಡು. ಬೆನ್ನ ಹತ್ತಸಗೊಡಲಿಲ್ಲ. ಒಂದ ಕೈ ಊರಿ ಎದ್ದ ಬಿಟ್ನಿ. ಹಳೇ ಸಾಮು, ಸುಳ್ಳಾಗಾಂಗಿಲ್ಲ."

"ಅವ್ವ ಎಲ್ಲಿದ್ಲು?"

"ಅಕಿ ಬಾಗಲದಾಗ ನಿಂತಿದ್ಲು."

ಸುಳ್ಳಲ್ಲ. ನಾನು ಬಾಗಿಲಲ್ಲೇ ನಿಂತಿದ್ದೆ. ಮಗ ನನ್ನ ಕಡೆ ನೋಡಿದ. ನಾನು ರೊಟ್ಟಿ ಹಾಕಿದೆ. ಬಾಯಿ ಬಿಟ್ಟಿದ್ದರೆ ಅವರ ಮಾತು ನಗೆಪಾಟಲಾಗುತ್ತಿತ್ತು, ಸಿಟ್ಟಿಗೆ ಮತ್ತೆ ಹಾಸಿಗೆ ಹಿಡಿಯುತ್ತಿದ್ದರು, ನನ್ನ ಬಸ್ಸು ತಪ್ಪುತ್ತಿತ್ತು.

ಅಲ್ಲಿಂದ ಮುಂದೆ ಅವರು ದಿನಾ ಎದ್ದರು. ಹುಡುಗಿ ಬಾರದ ದಿನವೂ ಎದ್ದರು. ಕೋಲು ಹಿಡಿದು ಓಣಿಯ ತುದಿಗೆ ಹೋಗಿ ಬಂದರು. ಮಗ ಮಾತು ಉಳಿಸಿಕೊಂಡ. ಹೊರಡುವ ದಿನ ಹುಡುಗಿ ಬಂದು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನಾನು ಗೇಟಿನವರೆಗೆ ಹೋದಾಗ ಮೆಲ್ಲಗೆ ಕೇಳಿದಳು.

"ಅಮ್ಮಾರ, ಯಾಕ ಕುಂಟಾಕತ್ತೀರಿ?"

"ಏನಿಲ್ಲವಾ. ಹಂಗ."

"ಅಜ್ಜಾರಿಗೆ ಹೇಳಿದ್ದ ನಿಮಗೂರಿ. ಎಲ್ಲಾ ನೋಡೀರಿ. ಬೆನ್ನಿಂದ ಶುರು ಮಾಡ್ರಿ, ನೋವಾದ್ರ ಬಿಡ್ರಿ, ಮರುದಿನಾ ಮತ್ತ ಮಾಡ್ರಿ. ಬಿಡಬ್ಯಾಡ್ರಿ ಮತ್ತ."

ಬ್ಯಾಡಗಿಗೆ ಬಂದ ಮಾರನೆಯ ದಿನವೇ ಗರಡಿಯವರು ಕರೆಯಲು ಬಂದರು. ಶಾಲು ಹೊದಿಸಿದರು, ಹಾರ ಹಾಕಿದರಂತೆ. ನಾನು ನೋಡಲಿಲ್ಲ. ಅವರ ಚಪ್ಪಲಿ ಕಾಯುತ್ತ ಹೊಸ್ತಿಲ ಹೊರಗಿದ್ದೆ. ಅವರ ದನಿ ಮಾತ್ರ ಕೇಳುತ್ತಿತ್ತು.

"ನನ್ನ ಎಬ್ಬಸಿದ್ದು ಯಾವ ದಾಕ್ತರೂ ಅಲ್ಲ, ಯಾವ ಔಷಧಾನೂ ಅಲ್ಲ. ಈ ಮಣ್ಣು. ಸಾಯೂ ಹೊತ್ತಿನ್ಯಾಗೂ ಪೈಲ್ವಾನ ಬೆನ್ನ ಕೊಡಾಂಗಿಲ್ಲ."

ಒಳಗೆ ಚಪ್ಪಾಳೆ. ನನ್ನ ಹೆಸರು ಬರಲಿಲ್ಲ ಅಂತ ನನಗೆ ಸಂಕಟವಾಗಲಿಲ್ಲ, ಅದು ಎಂದೂ ಬಂದದ್ದಲ್ಲ. ಆ ಹುಡುಗಿಯನ್ನು ನೆನೆಸಿ ಸಿಟ್ಟು ಬಂತು. ಮೂಗಿನ ಮೇಲೆ ಬೆವರು ಬರುವ ತನಕ ಇವರ ಸತ್ತ ಕಾಲನ್ನು ಹಿಡಿದು ತಳ್ಳಿದವಳು, ಅವಳ ದುಡಿಮೆಯನ್ನು ಒಂದು ಮುಷ್ಟಿ ಕೆಂಪು ಮಣ್ಣಿಗೆ ಕೊಟ್ಟುಬಿಟ್ಟರು.

ಇರಲಿ, ಇನ್ನು ನನ್ನ ದಾರಿ ನನಗೆ ಅಂದುಕೊಂಡು ಮರುದಿನ ಶೆಡ್ಡಿಗೆ ಹೋದೆ. ಬಾಗಿಲಲ್ಲೇ ಘಾಟು ಹೊಡೆಯಿತು. ಕಣ್ಣಲ್ಲಿ ನೀರು ಬಂತು, ಅದು ಮೆಣಸಿನ ನೀರೇ. ಕಂಬದ ಹತ್ತಿರ ನನ್ನ ಜಾಗದಲ್ಲಿ ಪಕ್ಕದವಳು ಒಂದು ಖಾಲಿ ಚೀಲ ಹಾಸಿಟ್ಟಿದ್ದಳು.

"ಬಾ ಅಕ್ಕಾ! ಪೈಲ್ವಾನ್ರನ್ನ ಕಡೀಗೂ ಎತ್ತಿ ನಿಂದರಿಸಿದೆಂತಲ್ಲ. ಗೆದ್ದೋರ ಗದಾ ನಿನಗ ಕೊಡಬೇಕಾಗಿತ್ತು."

"ಗದಾ ತಗೊಂಡು ಏನ್ ಮಾಡ್ಲಿ, ಖಾರಾ ಕುಟ್ಟಲೇನು?"

ನಗುತ್ತಲೇ ಕೂಡಲು ಹೋದೆ. ಎಡಗಾಲು ಮಡಿಯಿತು. ಬಲಗಾಲು ಮಡಿಯಲಿಲ್ಲ. ಸೊಂಟದ ಕೀಲಿನಲ್ಲಿ ಯಾರೋ ಮೊಳೆ ಹೊಡೆದಿಟ್ಟಂತೆ. ಕಂಬ ಹಿಡಿದು ಜಾರಿ ಹೇಗೋ ಕೂತೆ, ಬಲಗಾಲು ಚಾಚಿಕೊಂಡು. ಕಾಲು ಚಾಚಿದರೆ ಎದುರಿನ ಸಾಲಿನವಳ ಬುಟ್ಟಿಗೆ ಹತ್ತುತ್ತದೆ. ಅವಳು ಬುಟ್ಟಿ ಸರಿಸಿದಳು. ರಾಶಿ ಮುಟ್ಟಲು ಬಗ್ಗಿದರೆ ಕೈ ಮುಟ್ಟುವುದಿಲ್ಲ. ಪಕ್ಕದವಳು ತನ್ನ ಪಾಲಿನಿಂದ ಬಾಚಿ ಬಾಚಿ ನನ್ನ ಮಡಿಲ ಹತ್ತಿರ ಹಾಕಿದಳು.

ಊಟದ ಹೊತ್ತಿಗೆ ಎಲ್ಲರೂ ಎದ್ದರು. ನಾನು ಏಳಲಾರೆ. ಇಬ್ಬರು ಬಂದು ಕಂಕುಳಿಗೆ ಕೈ ಹಾಕಿ ಎತ್ತಿದರು, ನಾನು ನನ್ನ ಗಂಡನನ್ನು ಎತ್ತುತ್ತಿದ್ದಂತೆಯೇ. ಕೆಲಸ ನೋಡಿಕೊಳ್ಳುವ ಹೆಂಗಸು ದೂರದಿಂದ ನೋಡುತ್ತಿದ್ದಳು. ಹತ್ತಿರ ಬಂದಳು.

"ಅಜ್ಜಿ, ಇನ್ನ ಸಾಕ್ರಿ. ಮನ್ಯಾಗ ಆರಾಮ ಇರ್ರಿ. ನಾಳೆ ಬಿದ್ದು ಗಿದ್ದು ಮಾಡ್ಕೊಂಡ್ರ ನನ್ನ ತಲಿಮ್ಯಾಲ ಬರತೈತಿ."

ಪಕ್ಕದವಳು ನನ್ನ ಚೀಲದ ಧೂಳು ಕೊಡವಿ ಮಡಚಿ ಕಂಬದ ಹಿಂದೆ ಸಿಕ್ಕಿಸಿದಳು.

"ಈ ಸುಗ್ಗಿ ಮುಗಿಯೂತನಾ ಇದು ಇಲ್ಲೇ ಇರತೈತಿ ಅಕ್ಕಾ. ಕಾಲ ಬಿಡಿಸ್ಕೊಂಡ ಬಾ. ಆಮ್ಯಾಲಿಂದು ನಾ ಹೇಳಾಕ ಬರೂದಿಲ್ಲ. ಹೊಸಬರು ಬರಾಕತ್ತಾರ."

ಅವಳು ಸಿಹಿಮಾತು ಆಡುವವಳಲ್ಲ. ಅದಕ್ಕೇ ಅವಳ ಪಕ್ಕ ಕೂತದ್ದು ಅಷ್ಟು ವರ್ಷ.

ಮನೆಗೆ ಬಂದೆ. ಅವರು ಕಟ್ಟೆಯ ಮೇಲೆ ಕೂತು ಬಂದವರಿಗೆ ಬಚ್ಚಲಿನ ಕುಸ್ತಿ ಹೇಳುತ್ತಿದ್ದರು. ನಾನು ಒಳಗಿನ ಖೋಲಿಗೆ ಹೋಗಿ ಜಮಖಾನೆ ಹಾಸಿದೆ. ಸೆರಗು ಸಿಕ್ಕಿಸಿದೆ. ಮಂಚದ ಕಾಲು ಹಿಡಿದು ಇಳಿದು, ಅಂಗಾತ ಮಲಗಿದೆ. ನನಗೆ ಬೆನ್ನು ನೆಲಕ್ಕೆ ಹಚ್ಚಲು ನಾಚಿಕೆಯಿಲ್ಲ. ಸೋಲುವುದಕ್ಕೆ ನಾನು ಎಂದು ಕಣಕ್ಕೆ ಇಳಿದಿದ್ದೆ? ಎಡಕ್ಕೆ ಹೊರಳಿದೆ, ಬಂತು. ಬಲಕ್ಕೆ ಹೊರಳಿದೆ, ಅರ್ಧಕ್ಕೂ ಮೊದಲೇ ಸೊಂಟ ಕಚ್ಚಿ ಹಿಡಿಯಿತು. ಮತ್ತೆ ಅಂಗಾತವಾದೆ.

ಕೋಲಿನ ಸದ್ದು ಬಾಗಿಲಿಗೆ ಬಂತು.

"ಏನ್ ಮಾಡಾಕತ್ತೀ ಅಲ್ಲಿ?"

"ಸಾಮು."

ನಕ್ಕರು. ಬೇಗ ನಿಲ್ಲಲಿಲ್ಲ ಆ ನಗು. "ಈ ವಯಸ್ಸಿನ್ಯಾಗ? ಏಳು, ಮಂದಿ ಬಂದಾರ, ಚಾ ಮಾಡು."

ನಾನು ಮತ್ತೊಮ್ಮೆ ಬಲಕ್ಕೆ ಹೊರಳಿದೆ. ಅವರು ಸ್ವಲ್ಪ ಹೊತ್ತು ನೋಡಿದರು. ಉಸ್ತಾದರಲ್ಲವೇ, ಮೈ ತಪ್ಪು ಮಾಡುವುದನ್ನು ನೋಡಿ ಸುಮ್ಮನಿರಲು ಅವರಿಂದಾಗುವುದಿಲ್ಲ.

"ಹಂಗಲ್ಲ. ತಲಿ ಮೊದಲ ತಿರುಗಬೇಕು. ಗದ್ದಾ ಎದಿಗೆ ಹಚ್ಚು. ತಡಿ, ನಾ ಬಂದ ತೋರಸ್ತೇನಿ."

ಕೋಲನ್ನು ಹೊಸ್ತಿಲ ಒಳಗೆ ಊರಿದರು.

"ಒಳಗ ಬರಬ್ಯಾಡ್ರಿ."

"ಏನಂದಿ?"

"ಹೊಸ್ತಿಲ ಹೊರಗ ನಿಂದರ್ರಿ. ಇಲ್ಲಿ ಗಂಡಸರು ಬರಾಂಗಿಲ್ಲ."

ಅವರ ಮುಖ ನನಗೆ ಕಾಣಲಿಲ್ಲ. ನಾನು ಸೂರು ನೋಡುತ್ತಿದ್ದೆ. ಕೋಲು ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಹಿಂದಕ್ಕೆ ಹೋಯಿತು. ಹೊರಗೆ ಯಾರೋ ಏನೋ ಕೇಳಿದರು, ಇವರು ಏನೋ ಗೊಣಗಿದರು. ಕೋಲಿನ ಸದ್ದು ಅಡುಗೆಮನೆಯ ಕಡೆ ತಿರುಗಿತು. ಪಾತ್ರೆಗಳು ಉರುಳಾಡಿದವು.

"ಏ, ಚಾಪುಡಿ ಡಬ್ಬಿ ಎಲ್ಲೈತಿ?"

ನಾನು ಗದ್ದವನ್ನು ಎದೆಗೆ ಹಚ್ಚಿದ್ದೆ. ಬಲಮಗ್ಗುಲಿಗೆ ಇನ್ನೂ ಅರ್ಧವೂ ಹೊರಳಿರಲಿಲ್ಲ.